ಮೊದಲು ಗುಂಡು, ಆಮೇಲೆ ರೈಫಲ್: ಬ್ರಿಟನ್ನಿನಲ್ಲಿ ಜಿಂಕೆ ಬೇಟೆ ಶುರು ಮಾಡುವವರಿಗೆ

"ಯಾವ ರೈಫಲ್ ತಗೊಳ್ಳಲಿ? ಯಾವ ಕ್ಯಾಲಿಬರ್ ಒಳ್ಳೆಯದು?" ಬ್ರಿಟನ್ನಿನಲ್ಲಿ ನೆಲೆಸಿ, ಇಲ್ಲಿ ಸ್ಟಾಕಿಂಗ್ ಕಲಿಯಲು ಹೊರಟ ಕನ್ನಡಿಗರಿಂದ ಈ ಪ್ರಶ್ನೆ ಪದೇ ಪದೇ ಬರುತ್ತಲೇ ಇದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಶುರುವಿಗೇ ಒಂದು ಮಾತು. ನಮ್ಮೂರಲ್ಲಿ ಇದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚುಕ್ಕೆ ಜಿಂಕೆ, ಕಡವೆ ಯಾವುದನ್ನೂ ಮುಟ್ಟುವಂತಿಲ್ಲ. ಬ್ರಿಟನ್ನಿನ ಕತೆ ಬೇರೆ. ಇಲ್ಲಿ ತೋಳ, ಲಿಂಕ್ಸ್ ಎಂದೋ ಅಳಿದುಹೋದವು. ಜಿಂಕೆಗಳನ್ನು ತಿನ್ನುವ ಪ್ರಾಣಿಯೇ ಉಳಿದಿಲ್ಲ. ಅವು ಜಾಸ್ತಿಯಾದರೆ ಎಳೆಯ ಗಿಡ ಮೇಲೇಳುವುದಿಲ್ಲ, ಬೆಳೆಯೂ ಹಾಳು. ಹಾಗಾಗಿ ಕಾನೂನಿನ ಚೌಕಟ್ಟಿನಲ್ಲಿ, ಋತು ನೋಡಿ, ಜಮೀನಿನ ಮಾಲೀಕರ ಒಪ್ಪಿಗೆ ಪಡೆದು ಹೊಡೆಯುತ್ತಾರೆ. ಮಾಂಸ ಊಟಕ್ಕೆ ಹೋಗುತ್ತದೆ. ಸ್ಟಾಕಿಂಗ್ ಅಂದರೆ ಜಿಂಕೆಗೆ ಸುಳಿವು ಸಿಗದ ಹಾಗೆ ನಡೆದುಕೊಂಡೇ ಹತ್ತಿರ ಹೋಗಿ, ಒಂದೇ ಗುಂಡಿಗೆ, ನೋವಿಲ್ಲದಂತೆ ಮುಗಿಸುವುದು. ಆ "ಒಂದೇ ಗುಂಡಿಗೆ" ಎಂಬ ಮಾತಿನ ಮೇಲೇ ಮುಂದಿನ ಎಲ್ಲ ಆಯ್ಕೆಯೂ ನಿಂತಿದೆ.

ಬಹಳ ಜನ ಮೊದಲು ರೈಫಲ್ ಇಷ್ಟಪಡುತ್ತಾರೆ, ಆಮೇಲೆ ಕ್ಯಾಲಿಬರ್ ನೋಡುತ್ತಾರೆ, ಕೊನೆಗೆ ಅಂಗಡಿಯಲ್ಲಿ ಸಿಕ್ಕ ಗುಂಡು ತರುತ್ತಾರೆ. ಈ ಕ್ರಮ ಪೂರ್ತಿ ತಲೆಕೆಳಗು. ಜಿಂಕೆಗೆ ತಗಲುವುದು ಗುಂಡು, ರೈಫಲ್ ಅಲ್ಲ. ಗುಂಡಿನಿಂದ ಶುರು ಮಾಡಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಮೊದಲು ಈ ಪದಗಳು ಗೊತ್ತಿರಲಿ

ಕ್ಯಾಲಿಬರ್ ಅಂದರೆ ನಳಿಕೆಯ ಒಳ ಅಳತೆ, ಸಾಮಾನ್ಯವಾಗಿ ಇಂಚಿನಲ್ಲಿ. ಆದರೆ ಅಂಗಡಿಯಲ್ಲಿ ".308 ವಿಂಚೆಸ್ಟರ್" ಅಂದರೆ ಅದು ಪೂರ್ತಿ ತೋಟಾದ ಹೆಸರು. ತೋಟಾ ಎಂದರೆ ಕೇಸು, ಮದ್ದು, ಗುಂಡು ಎಲ್ಲ ಸೇರಿದ್ದು. ಗುಂಡಿನ ತೂಕ ಗ್ರೇನ್ ಲೆಕ್ಕದಲ್ಲಿ. 100 ಗ್ರೇನ್ ಅಂದರೆ ಸುಮಾರು 6.5 ಗ್ರಾಂ. ನಳಿಕೆಯ ಬಾಯಿಯಿಂದ ಹೊರಬರುವಾಗ ಗುಂಡಿಗಿರುವ ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದೂ, ಶಕ್ತಿಯನ್ನು ಫೂಟ್-ಪೌಂಡ್ ಎಂದೂ ಅಳೆಯುತ್ತಾರೆ. ಫ್ಯಾಕ್ಟರಿ ರೈಫಲ್ ಅಂದರೆ ಕಂಪನಿಯಿಂದ ತಯಾರಾಗಿ ನೇರ ಅಂಗಡಿಗೆ ಬಂದದ್ದು. ನಿಮಗಾಗಿಯೇ ಹೇಳಿ ಮಾಡಿಸಿದ್ದಲ್ಲ. ಹೊಸಬರಿಗೆ ಫ್ಯಾಕ್ಟರಿ ರೈಫಲ್ ಧಾರಾಳ ಸಾಕು.

1. ಯಾವ ಜಿಂಕೆ, ಯಾವ ಜಾಗ?

ಬ್ರಿಟನ್ನಿನಲ್ಲಿ ಆರು ಜಾತಿಯ ಜಿಂಕೆಗಳಿವೆ: ರೆಡ್, ರೋ, ಫ್ಯಾಲೋ, ಸಿಕಾ, ಮಂಟ್‌ಜ್ಯಾಕ್ ಮತ್ತು ಚೈನೀಸ್ ವಾಟರ್ ಡಿಯರ್. ಇವುಗಳಲ್ಲಿ ರೆಡ್ ಮತ್ತು ರೋ ಮಾತ್ರ ಇಲ್ಲಿನ ಮೂಲ ನಿವಾಸಿಗಳು. ಮಂಟ್‌ಜ್ಯಾಕ್ ನೋಡಿದರೆ ಮಲೆನಾಡಿನವರಿಗೆ ತಕ್ಷಣ ಗುರುತು ಸಿಗುತ್ತದೆ. ನಮ್ಮ ಕಾಡುಕುರಿಯ ಚಿಕ್ಕ ದಾಯಾದಿ ಅದು, ನಾಯಿ ಬೊಗಳಿದ ಹಾಗೇ ಕೂಗುತ್ತದೆ. ತೂಕ 10ರಿಂದ 18 ಕಿಲೋ. ಸ್ಕಾಟ್ಲೆಂಡಿನ ಬೆಟ್ಟದ ದೊಡ್ಡ ರೆಡ್ ಗಂಡು 100 ಕಿಲೋ ದಾಟುತ್ತದೆ.

ನಿಮಗೆ ಒಪ್ಪಿಗೆ ಸಿಕ್ಕಿರುವ ಜಮೀನಿನಲ್ಲಿ ಯಾವುದಿದೆ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ದಕ್ಷಿಣ ಇಂಗ್ಲೆಂಡಿನ ಕಾಡಂಚಿನಲ್ಲಿ 60-80 ಮೀಟರಿಗೇ ಹೊಡೆಯುವ ಅವಕಾಶ ಸಿಗುತ್ತದೆ. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನ ಬೋಳು ಬೆಟ್ಟದಲ್ಲಿ 200 ಮೀಟರ್ ಆಗಬಹುದು, ಜತೆಗೆ ಗಾಳಿ. ಎರಡಕ್ಕೂ ಒಂದೇ ರೈಫಲ್ ಸಾಕೇ? ಸಾಕು, ಆದರೆ ಆರಿಸುವಾಗಲೇ ದೊಡ್ಡ ಜಿಂಕೆಯನ್ನು ಮನಸ್ಸಿನಲ್ಲಿಟ್ಟು ಆರಿಸಬೇಕು.

ಇನ್ನೂ ಜಮೀನು ಸಿಕ್ಕಿಲ್ಲವೇ? ಹಾಗಿದ್ದರೆ ಏನನ್ನೂ ಕೊಳ್ಳಬೇಡಿ. ವೃತ್ತಿಪರ ಸ್ಟಾಕರ್ ಜತೆ ಹಣ ಕೊಟ್ಟು ಹೋಗಿ. 17 ವರ್ಷ ತುಂಬಿದವರು ಖಾಸಗಿ ಜಾಗದಲ್ಲಿ, ಹಕ್ಕಿರುವವರು ಪಕ್ಕದಲ್ಲೇ ಇದ್ದಾಗ, ಅವರ ರೈಫಲ್ ಎರವಲು ಪಡೆದು ಹೊಡೆಯಲು ಕಾನೂನಿನಲ್ಲಿ ಅವಕಾಶ ಇದೆ. ಗುಂಡು ಹಾರಿದಾಗ ಭುಜಕ್ಕೆ ಬೀಳುವ ಒದೆತ ಎಷ್ಟು, ತೂಕ ಎಷ್ಟು, ಜಿಂಕೆ ಎದುರು ನಿಂತಾಗ ನಿಮ್ಮ ಕೈ ಎಷ್ಟು ನಡುಗುತ್ತದೆ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ.

2. ಕಾನೂನಿನ ಕನಿಷ್ಠ ಮಿತಿ

ಇಂಗ್ಲೆಂಡ್-ವೇಲ್ಸ್‌ಗೆ ಒಂದು ಲೆಕ್ಕ, ಸ್ಕಾಟ್ಲೆಂಡಿಗೆ ಇನ್ನೊಂದು. ಜನ ಎಡವುವುದೇ ಇಲ್ಲಿ.

ಇಂಗ್ಲೆಂಡ್ ಮತ್ತು ವೇಲ್ಸ್ (1991ರ ಡಿಯರ್ ಆ್ಯಕ್ಟ್): ಕ್ಯಾಲಿಬರ್ ಕನಿಷ್ಠ .240 ಇಂಚು, ಶಕ್ತಿ ಕನಿಷ್ಠ 1,700 ಫೂಟ್-ಪೌಂಡ್. ಮಂಟ್‌ಜ್ಯಾಕ್ ಮತ್ತು ಚೈನೀಸ್ ವಾಟರ್ ಡಿಯರ್‌ಗೆ ಮಾತ್ರ ರಿಯಾಯಿತಿ ಇದೆ: .220 ಇಂಚು, 1,000 ಫೂಟ್-ಪೌಂಡ್, ಗುಂಡು ಕನಿಷ್ಠ 50 ಗ್ರೇನ್.

ಸ್ಕಾಟ್ಲೆಂಡ್: ಗುಂಡು ಕನಿಷ್ಠ 80 ಗ್ರೇನ್, ವೇಗ ಸೆಕೆಂಡಿಗೆ 2,450 ಅಡಿ, ಶಕ್ತಿ 1,750 ಫೂಟ್-ಪೌಂಡ್. ಮೊದಲು 100 ಗ್ರೇನ್ ಬೇಕಿತ್ತು. ಸೀಸವಿಲ್ಲದ ಗುಂಡುಗಳಿಗೆ ಅನುಕೂಲವಾಗಲಿ ಎಂದು 2023ರಲ್ಲಿ 80ಕ್ಕೆ ಇಳಿಸಿದರು. ರೋ ಜಿಂಕೆಗೆ 50 ಗ್ರೇನ್, 2,450 ಅಡಿ, 1,000 ಫೂಟ್-ಪೌಂಡ್ ಸಾಕು.

ಎರಡೂ ಕಡೆ ಗುಂಡು ಹಿಗ್ಗುವ ಬಗೆಯದ್ದೇ ಆಗಿರಬೇಕು. ಅಂದರೆ ಜಿಂಕೆಗೆ ತಗಲಿದಾಗ ಮುಂಭಾಗ ಅಗಲವಾಗಿ ಅರಳಬೇಕು. ಗುರಿ ಅಭ್ಯಾಸಕ್ಕೆ ಬಳಸುವ ಗಟ್ಟಿ ಗುಂಡು ತೂರಿಕೊಂಡು ಹೋಗಿಬಿಡುತ್ತದೆ. ಪ್ರಾಣಿ ಗಾಯಗೊಂಡು ಓಡಿ ಎಲ್ಲೋ ನರಳಿ ಸಾಯುತ್ತದೆ.

ಎಚ್ಚರಿಕೆ: .223 ರೆಮಿಂಗ್ಟನ್‌ನಲ್ಲಿ ಸ್ಕಾಟ್ಲೆಂಡಿನಲ್ಲಿ ರೋ ಹೊಡೆಯಬಹುದು. ಗಡಿ ದಾಟಿ ಇಂಗ್ಲೆಂಡಿಗೆ ಬಂದರೆ ಅದೇ ರೈಫಲ್, ಅದೇ ಗುಂಡು, ಅದೇ ರೋ ಕಾನೂನು ಉಲ್ಲಂಘನೆ. ಉತ್ತರ ಐರ್ಲೆಂಡಿನ ನಿಯಮ ಮತ್ತೂ ಬೇರೆ. ಅಲ್ಲಿರುವವರು ಈ ಅಂಕಿಗಳನ್ನು ನಂಬಿಕೊಂಡು ಹೋಗಬೇಡಿ.

3. ಗುಂಡು ಆರಿಸಿ

ಇದೇ ಮುಖ್ಯ ಹಂತ, ಸ್ವಲ್ಪ ನಿಧಾನವಾಗಿ ಓದಿ.

ಹಳೆಯ ಗುಂಡು ಅಂದರೆ ಒಳಗೆ ಸೀಸ, ಮೇಲೆ ತಾಮ್ರದ ಹೊದಿಕೆ. ಚೆನ್ನಾಗಿ ಅರಳುತ್ತದೆ, ಎಲ್ಲ ರೈಫಲ್‌ನಲ್ಲೂ ನಡೆಯುತ್ತದೆ. ಆದರೆ ಅರಳುವಾಗ ಸೀಸ ಸಣ್ಣ ಸಣ್ಣ ಚೂರಾಗಿ ಮಾಂಸದೊಳಗೆ ಹರಡುತ್ತದೆ. ಎಷ್ಟೋ ಚೂರು ಕಣ್ಣಿಗೂ ಕಾಣುವುದಿಲ್ಲ. ಮನೆಯಲ್ಲಿ ಮಕ್ಕಳು, ಬಸುರಿ ಹೆಂಗಸರು ತಿನ್ನುವ ಮಾಂಸ ಅದು. ಮಾಂಸ ಕೊಳ್ಳುವ ವ್ಯಾಪಾರಿಗಳಲ್ಲಿ ಅನೇಕರು ಸೀಸವಿಲ್ಲದ್ದನ್ನೇ ಕೇಳುತ್ತಿದ್ದಾರೆ. 2025ರ ಜುಲೈನಲ್ಲಿ ಸರ್ಕಾರವೂ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ದೊಡ್ಡ ಕ್ಯಾಲಿಬರ್ ಸೀಸದ ಗುಂಡುಗಳನ್ನು ಹಂತ ಹಂತವಾಗಿ ನಿಲ್ಲಿಸುವುದಾಗಿ ಘೋಷಿಸಿತು. ಒಂದು ರೈಫಲ್ ಇಪ್ಪತ್ತು ಮೂವತ್ತು ವರ್ಷ ಬಾಳಿಕೆ ಬರುತ್ತದೆ. ಹಾಗಾಗಿ ಈಗ ಕೊಳ್ಳುವವರು ತಾಮ್ರದ ಗುಂಡನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾರ್ನ್ಸ್, ಹಾರ್ನಡಿ, ಸಾಕೋ, ನೋರ್ಮಾ ಎಲ್ಲರ ಬಳಿಯೂ ಇಂಥ ತೋಟಾಗಳಿವೆ.

ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬರಬೇಕಾದರೆ ಗುಂಡು ಉದ್ದವಾಗುತ್ತದೆ. ಇದರಿಂದ ಮೂರು ಪರಿಣಾಮ.

ಮೊದಲನೆಯದು ಟ್ವಿಸ್ಟ್. ನಳಿಕೆಯ ಒಳಗೆ ಸುರುಳಿ ಗೆರೆಗಳಿರುತ್ತವೆ, ಗುಂಡನ್ನು ತಿರುಗಿಸಿ ಸ್ಥಿರವಾಗಿ ಹಾರಿಸುವುದು ಅವೇ. 1:10 ಅಂದರೆ 10 ಇಂಚಿಗೆ ಒಂದು ಸುತ್ತು, 1:8 ಅಂದರೆ 8 ಇಂಚಿಗೇ ಒಂದು ಸುತ್ತು, ಅಂದರೆ ಇನ್ನೂ ಜೋರು. ಉದ್ದದ ಗುಂಡಿಗೆ ಜೋರಾದ ಟ್ವಿಸ್ಟ್ ಬೇಕು. ತೋಟಾ ತಯಾರಕರು ಯಾವ ಗುಂಡಿಗೆ ಎಷ್ಟು ಟ್ವಿಸ್ಟ್ ಬೇಕೆಂದು ಹೇಳಿರುತ್ತಾರೆ. ರೈಫಲ್ ಕೊಳ್ಳುವ ಮೊದಲೇ ಎರಡನ್ನೂ ತಾಳೆ ನೋಡಿ.

ಎರಡನೆಯದು ವೇಗ. ತಾಮ್ರ ಗಟ್ಟಿ, ಅರಳಲು ವೇಗ ಬೇಕು. ಜಿಂಕೆಗೆ ತಗಲುವಾಗ ಸೆಕೆಂಡಿಗೆ ಸುಮಾರು 2,000 ಅಡಿ ಉಳಿದಿರಲಿ ಎಂದು ಲೆಕ್ಕ ಇಟ್ಟುಕೊಂಡರೆ ಕ್ಷೇಮ. ಸೀಸದಲ್ಲಿ ಬಳಸುತ್ತಿದ್ದ ತೂಕಕ್ಕಿಂತ ಒಂದು ಮೆಟ್ಟಿಲು ಹಗುರದ್ದನ್ನು ತೆಗೆದುಕೊಳ್ಳಿ. .308ರಲ್ಲಿ 150 ಗ್ರೇನ್ ಸೀಸ ಬಳಸುವ ಕಡೆ 130 ಗ್ರೇನ್ ತಾಮ್ರ ಚೆನ್ನಾಗಿ ನಡೆಯುತ್ತದೆ.

ಮೂರನೆಯದು ಕಾನೂನಿನ ಲೆಕ್ಕ. ಇದನ್ನು ಅಂಕಿಯಲ್ಲೇ ನೋಡೋಣ. ಶಕ್ತಿ ಕಂಡುಹಿಡಿಯುವುದು ಸುಲಭ: ಗುಂಡಿನ ತೂಕವನ್ನು (ಗ್ರೇನ್) ವೇಗದಿಂದ ಎರಡು ಸಲ ಗುಣಿಸಿ, 4,50,240ರಿಂದ ಭಾಗಿಸಿ. .243ರ 80 ಗ್ರೇನ್ ತಾಮ್ರದ ಗುಂಡಿನ ಡಬ್ಬಿಯ ಮೇಲೆ 3,200 ಅಡಿ ಎಂದು ಬರೆದಿದೆ ಅನ್ನಿ. ಶಕ್ತಿ 1,819 ಬರುತ್ತದೆ. ಇಂಗ್ಲೆಂಡ್-ವೇಲ್ಸ್, ಸ್ಕಾಟ್ಲೆಂಡ್ ಎರಡೂ ಕಡೆ ಪಾಸ್. ಆದರೆ ಡಬ್ಬಿಯ ಮೇಲಿನ ವೇಗ ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ನಳಿಕೆಯದ್ದು. ನಿಮ್ಮ ರೈಫಲ್ಲಿನದು 20 ಇಂಚು. ಇಂಚಿಗೆ ಬರೀ 25 ಅಡಿ ಕಡಿಮೆಯಾದರೂ ವೇಗ 3,100ಕ್ಕೆ ಇಳಿಯುತ್ತದೆ. ಈಗ ಲೆಕ್ಕ ಹಾಕಿ: 1,708. ಇಂಗ್ಲೆಂಡಿನಲ್ಲಿ ಕೂದಲೆಳೆಯಲ್ಲಿ ಪಾರು, ಸ್ಕಾಟ್ಲೆಂಡಿನ ರೆಡ್ ಜಿಂಕೆಗೆ ಫೇಲ್. ಡಬ್ಬಿ ನೋಡಿ ಧೈರ್ಯವಾಗಿ ಹೊರಟವರು ಗೊತ್ತಿಲ್ಲದೆಯೇ ಕಾನೂನು ಮುರಿಯುವುದು ಹೀಗೆ. ಕ್ರೋನೋಗ್ರಾಫ್ ಅಂದರೆ ಗುಂಡಿನ ವೇಗ ಅಳೆಯುವ ಸಾಧನ. ಹೆಚ್ಚಿನ ಶೂಟಿಂಗ್ ರೇಂಜ್‌ಗಳಲ್ಲಿ ಯಾರಾದರೊಬ್ಬರ ಬಳಿ ಇದ್ದೇ ಇರುತ್ತದೆ. ಕೇಳಿ, ನಿಮ್ಮ ರೈಫಲ್ಲಿನಲ್ಲೇ ಅಳೆದುಬಿಡಿ.

4. ಈಗ ಕ್ಯಾಲಿಬರ್

ಮೇಲಿನ ಮೂರು ಹಂತ ಮುಗಿದ ಮೇಲೆ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

.243 ವಿಂಚೆಸ್ಟರ್ (1955ರಲ್ಲಿ ಬಂದದ್ದು): ಒದೆತ ಕಡಿಮೆ, ರೋ ಮತ್ತು ಫ್ಯಾಲೋಗೆ ಒಳ್ಳೆಯದು. ಬಹಳ ಕಾಲ ಹೊಸಬರಿಗೆ ಎಲ್ಲರೂ ಹೇಳುತ್ತಿದ್ದದ್ದು ಇದನ್ನೇ. ಸೀಸ ಹೋಗುವ ಕಾಲದಲ್ಲಿ ಇದರ ಜಾಗ ಕಿರಿದಾಗಿದೆ, ಯಾಕೆ ಎಂದು ಮೇಲಿನ ಲೆಕ್ಕವೇ ತೋರಿಸಿತಲ್ಲ. ಕೊಳ್ಳುವುದೇ ಆದರೆ 22 ಇಂಚು ಅಥವಾ ಅದಕ್ಕಿಂತ ಉದ್ದದ ನಳಿಕೆ ನೋಡಿ.

6.5 ಕ್ರೀಡ್‌ಮೋರ್ (2007; ಈ 6.5 ಮಿಲಿಮೀಟರ್ ಲೆಕ್ಕ): ಫ್ಯಾಕ್ಟರಿ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 1:8 ಟ್ವಿಸ್ಟ್, ಅಂದರೆ ಉದ್ದದ ತಾಮ್ರದ ಗುಂಡಿಗೂ ಸಿದ್ಧ. 120 ಗ್ರೇನ್ ಗುಂಡು 2,850 ಅಡಿ ವೇಗದಲ್ಲಿ 2,100 ಫೂಟ್-ಪೌಂಡ್ ದಾಟುತ್ತದೆ. ಒದೆತ ಹಿತಮಿತ. ಒಂದೇ ರೈಫಲ್ ಇಟ್ಟುಕೊಳ್ಳುವ ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನು. 1890ರ ದಶಕದ 6.5×55 ಸ್ವೀಡಿಷ್ ಕೂಡ ಹೆಚ್ಚುಕಮ್ಮಿ ಇದೇ ಕೆಲಸ ಮಾಡುತ್ತದೆ. ಸ್ವೀಡನ್ನಿನಲ್ಲಿ ಎಲ್ಕ್‌ನಂಥ ದೊಡ್ಡ ಪ್ರಾಣಿಯನ್ನೇ ಅದರಲ್ಲಿ ಹೊಡೆಯುತ್ತಾರೆ.

.308 ವಿಂಚೆಸ್ಟರ್ (1952): ಒದೆತ ಸ್ವಲ್ಪ ಜಾಸ್ತಿ. ಆದರೆ ತೋಟಾ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಬಗೆಯೂ ಹೆಚ್ಚು. ಗಿಡ್ಡ ನಳಿಕೆಯಲ್ಲೂ ಶಕ್ತಿ ಮಿತಿಗಿಂತ ಬಹಳ ಮೇಲೆ. ಒಂದು ಜಾಗ್ರತೆ: 180 ಗ್ರೇನ್‌ನಂಥ ಭಾರದ ಗುಂಡನ್ನು ತೀರಾ ಗಿಡ್ಡ ನಳಿಕೆಯಲ್ಲಿ ಹಾರಿಸಿದರೆ ಸ್ಕಾಟ್ಲೆಂಡಿನ 2,450 ಅಡಿಯ ಅಂಚಿಗೆ ಬರುತ್ತದೆ.

.270 ವಿಂಚೆಸ್ಟರ್ (1925): ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಹಳೆಯ ನಂಬಿಕೆಯ ಕ್ಯಾಲಿಬರ್, ನೇರ ಹಾರುತ್ತದೆ. ಸದ್ದು, ಒದೆತ ಎರಡೂ ಜೋರು.

ಇದಕ್ಕಿಂತ ದೊಡ್ಡ, ಮದ್ದು ಹೆಚ್ಚು ತುಂಬಿದ ಮ್ಯಾಗ್ನಮ್‌ಗಳು ಬ್ರಿಟನ್ನಿನ ಯಾವ ಜಿಂಕೆಗೂ ಬೇಕಿಲ್ಲ. ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುವವರು ಎಷ್ಟು ಶಕ್ತಿಯ ರೈಫಲ್ ಹಿಡಿದರೂ ಜಿಂಕೆಯ ಹೊಟ್ಟೆಗೇ ಹೊಡೆಯುತ್ತಾರೆ. ಸರಿಯಾದ ಜಾಗಕ್ಕೆ ಬಿದ್ದ 6.5 ಸಾಕು.

5. ಪರವಾನಗಿ

ಕ್ಯಾಲಿಬರ್ ತೀರ್ಮಾನ ಆದ ಮೇಲೇ ಅರ್ಜಿ. ಯಾಕೆಂದರೆ 1968ರ ಫೈರ್‌ಆರ್ಮ್ಸ್ ಆ್ಯಕ್ಟ್ ಅಡಿಯಲ್ಲಿ ಪೊಲೀಸರು ಕೊಡುವ ಸರ್ಟಿಫಿಕೇಟಿನಲ್ಲಿ ಯಾವ ಕ್ಯಾಲಿಬರ್, ಎಷ್ಟು ತೋಟಾ ಎಂಬುದೂ ಬರೆದಿರುತ್ತದೆ. ಬರೆಯದ ಕ್ಯಾಲಿಬರ್ ಕೊಳ್ಳುವಂತಿಲ್ಲ. ಶಾಟ್‌ಗನ್ ಸರ್ಟಿಫಿಕೇಟಿನ ಮೇಲೆ ರೈಫಲ್ ಸಿಗುವುದಿಲ್ಲ. ಕೊಡಗಿನ ಓದುಗರು ಗಮನಿಸಿ: ಊರಲ್ಲಿ ನಿಮಗಿರುವ ಕೋವಿ ವಿನಾಯಿತಿಗೂ ಇಲ್ಲಿಗೂ ಸಂಬಂಧವೇ ಇಲ್ಲ.

ಬೇಕಾಗುವುದು: ಸರಿಯಾದ ಕಾರಣ (ಹೊಡೆಯಲು ಜಮೀನಿನ ಒಪ್ಪಿಗೆ), ವೈದ್ಯರಿಂದ ಆರೋಗ್ಯದ ಮಾಹಿತಿ, ಇಬ್ಬರು ರೆಫರಿಗಳು, ಅಂದರೆ ನಿಮ್ಮ ಬಗ್ಗೆ ಪೊಲೀಸರಿಗೆ ಹೇಳಬಲ್ಲವರು. ರೆಫರಿಗಳು ನಿಮ್ಮನ್ನು ಕನಿಷ್ಠ 2 ವರ್ಷದಿಂದ ಬಲ್ಲವರಾಗಿರಬೇಕು, ಇಲ್ಲೇ ವಾಸವಿರಬೇಕು, ಮನೆಯವರಾಗಿರಬಾರದು. ಹೊಸದಾಗಿ ಬಂದವರಿಗೆ ಕಷ್ಟವಾಗುವುದು ಇದೇ. ಸುಮ್ನೆ ಪರಿಚಯದವರ ಹೆಸರು ಕೊಟ್ಟುಬಿಡಬೇಡಿ, ಪೊಲೀಸರು ಅವರನ್ನು ಕೇಳುತ್ತಾರೆ.

ಮನೆಗೂ ಬರುತ್ತಾರೆ. ಗೋಡೆಗೆ ಬೋಲ್ಟ್ ಮಾಡಿದ ಉಕ್ಕಿನ ಕಪಾಟು ಬೇಕು. ಅದರ ಕೀಲಿ ಎಲ್ಲಿದೆ ಎಂದು ಹೆಂಡತಿಗೋ ಗಂಡನಿಗೋ ಗೊತ್ತಿರಬಾರದು, ಅವರ ಹೆಸರಲ್ಲೂ ಸರ್ಟಿಫಿಕೇಟ್ ಇದ್ದರೆ ಮಾತು ಬೇರೆ. "ಮನೆಯವರಿಗೆ ತಾನೇ, ಏನಾಯ್ತು?" ಎನ್ನುವ ನಮ್ಮ ಸ್ವಭಾವ ಇಲ್ಲಿ ಸರ್ಟಿಫಿಕೇಟನ್ನೇ ಕಳೆಯಬಹುದು. ಡಿಯರ್ ಸ್ಟಾಕಿಂಗ್ ಸರ್ಟಿಫಿಕೇಟ್ ಲೆವೆಲ್ 1 ಎಂಬ ಕೋರ್ಸ್ ಕಡ್ಡಾಯವಲ್ಲ, ಆದರೆ ಮಾಡಿ. ಜಾತಿ ಗುರುತು, ಕಾನೂನು, ಸುರಕ್ಷತೆ, ಮಾಂಸದ ಶುಚಿ ಎಲ್ಲ ಅದರಲ್ಲಿ ಬರುತ್ತದೆ.

6. ರೈಫಲ್

ಬೋಲ್ಟ್ ಆ್ಯಕ್ಷನ್ ತೆಗೆದುಕೊಳ್ಳಿ, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಹಿಡಿ ಎಳೆದು ತೋಟಾ ತುಂಬುವಂಥದ್ದು. ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್, ಸ್ಪೇನಿನ ಬರ್ಗಾರಾ ಬಿ14, ಜಪಾನಿನ ಹೋವಾ 1500, ಜರ್ಮನಿಯ ಮೌಸರ್ 18 ಈ ಸಾಲಿನವು. ಇವು ಯಾವುದಾದರೂ 100 ಮೀಟರಿನಲ್ಲಿ ಜಿಂಕೆಗೆ ಬೇಕಾದ್ದಕ್ಕಿಂತ ಹೆಚ್ಚೇ ನಿಖರ. ಬ್ರ್ಯಾಂಡಿನ ಜಗಳದಲ್ಲಿ ಕಾಲ ಕಳೆಯಬೇಡಿ. ಮೈಗೆ ಹೊಂದುವುದೇ ಮುಖ್ಯ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ರೈಫಲ್ ಖಾಲಿ ಇದೆಯೆಂದು ಅಂಗಡಿಯವರ ಎದುರೇ ನೋಡಿಕೊಳ್ಳಿ. ಬೇಟೆಗೆ ಹಾಕುವ ಜಾಕೆಟ್ ಹಾಕಿಕೊಂಡೇ ಹೋಗಿ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ಏರಿಸಿ, ಕೆನ್ನೆ ಇಡಿ, ಈಗ ಕಣ್ಣು ತೆರೆಯಿರಿ. ಸ್ಕೋಪಿನೊಳಗೆ (ರೈಫಲ್ ಮೇಲಿನ ಗುರಿ ನೋಡುವ ದುರ್ಬೀನು) ಪೂರ್ತಿ ದುಂಡಗಿನ ಚಿತ್ರ ಕಂಡರೆ ಸರಿ. ಸುತ್ತ ಕಪ್ಪು ನೆರಳು ಬಂದು ನೀವು ಕತ್ತು ಚಾಚಬೇಕಾಯಿತೇ? ಸ್ಟಾಕ್, ಅಂದರೆ ಭುಜಕ್ಕೆ ಆನಿಸುವ ಹಿಂಭಾಗ, ಉದ್ದವಾಗಿದೆ. ಐದೂವರೆ ಅಡಿ ಎತ್ತರದವರಿಗೆ ಇಲ್ಲಿನ ಸ್ಟಾಕ್‌ಗಳು ಬಹಳ ಸಲ ಉದ್ದವೇ. ಸ್ಪೇಸರ್ ಅಂದರೆ ಸ್ಟಾಕಿನ ಹಿಂಭಾಗದ ಪದರ ತೆಗೆದು ಗಿಡ್ಡ ಮಾಡಬಹುದೇ ಎಂದು ಕೇಳಿ. ಎಡಗೈಯವರು ಎಡಗೈ ಮಾಡೆಲ್ಲೇ ಕೇಳಿ, ಹೊಂದಿಸಿಕೊಳ್ಳಲು ಹೋಗಬೇಡಿ. ಸೇಫ್ಟಿ ಬಟನ್ ಸದ್ದಿಲ್ಲದೆ ಜಾರುತ್ತದೆಯೇ ನೋಡಿ. ಅದರ "ಟಕ್" ಶಬ್ದಕ್ಕೇ ಜಿಂಕೆ ಕಿವಿ ನಿಮಿರಿಸುತ್ತದೆ.

ನಳಿಕೆಯ ಬಾಯಿಯಲ್ಲಿ ಕಂಪನಿಯೇ ಥ್ರೆಡ್ (ತಿರುಪಿನ ಗೆರೆ) ಕೊರೆದಿರುವುದನ್ನೇ ಕೊಳ್ಳಿ. ಸದ್ದು ತಗ್ಗಿಸುವ ಮಾಡರೇಟರ್ ಕೂರಿಸುವುದು ಅದಕ್ಕೆ. ಆಮೇಲೆ ಕೊರೆಸಿದರೆ ಪ್ರೂಫ್ ಪರೀಕ್ಷೆ ಮತ್ತೆ ಮಾಡಿಸಬೇಕಾಗುತ್ತದೆ. ಪ್ರೂಫ್ ಅಂದರೆ ಹೆಚ್ಚಿನ ಒತ್ತಡದಲ್ಲಿ ಹಾರಿಸಿ ನಳಿಕೆ ತಡೆದುಕೊಳ್ಳುತ್ತದೆಂದು ಖಾತ್ರಿ ಮಾಡಿ ಹಾಕುವ ಮುದ್ರೆ. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ನಲ್ಲಿ ಇದಕ್ಕೆಂದೇ ಪ್ರೂಫ್ ಹೌಸ್‌ಗಳಿವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಮುದ್ರೆ ನೋಡದೆ ಹಣ ಕೊಡಬೇಡಿ.

ನಳಿಕೆ ತೆಳ್ಳಗಿದ್ದರೆ ಹೊರಲು ಹಗುರ, ಆದರೆ ಬೇಗ ಬಿಸಿಯಾಗುತ್ತದೆ. ಬೇಟೆಯಲ್ಲಿ ಒಂದೋ ಎರಡೋ ಗುಂಡು ತಾನೇ, ಚಿಂತೆಯಿಲ್ಲ.

7. ಸ್ಕೋಪ್, ಮಾಡರೇಟರ್

ರೈಫಲ್ಲಿಗೆ ಕೊಟ್ಟಷ್ಟೇ ಹಣ ಸ್ಕೋಪಿಗೂ ಇಡಿ. ಜಿಂಕೆ ಹೊರಬರುವುದು ಮುಂಜಾವು, ಮುಸ್ಸಂಜೆಯಲ್ಲಿ. ಗಾಜು ಚೆನ್ನಾಗಿಲ್ಲದಿದ್ದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ, ಋತು ತಪ್ಪಿ ಹೊಡೆದರೆ ಅಪರಾಧ. ಮುಂದಿನ ಗಾಜಿನ ಅಳತೆಯನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಅಗಲ ಸಿಗುತ್ತದೆ. 6×42 (6 ಪಟ್ಟು ವರ್ಧನೆ, 42 ಮಿಲಿಮೀಟರ್ ಗಾಜು) ಆಗಲಿ 8×56 ಆಗಲಿ 7 ಮಿಲಿಮೀಟರ್, ಮಬ್ಬಿಗೆ ಧಾರಾಳ. 20ರ ಮೇಲಿನ ವರ್ಧನೆ ಬೇಡ.

ಮಾಡರೇಟರ್ ಸದ್ದು ತಗ್ಗಿಸುತ್ತದೆ, ಒದೆತವನ್ನೂ ಇಳಿಸುತ್ತದೆ, ನಿಮ್ಮ ಕಿವಿ ಉಳಿಸುತ್ತದೆ. ಪರವಾನಗಿ ಅರ್ಜಿ ಹಾಕುವಾಗಲೇ ಇದರ ವಿಷಯವನ್ನೂ ಪೊಲೀಸರ ಬಳಿ ಕೇಳಿಬಿಡಿ. ಥ್ರೆಡ್ ಅಳತೆ ಹಲವು ಬಗೆ: ಎಂ14×1, ಎಂ15×1, ಅರ್ಧ ಇಂಚಿನ ಯುಎನ್‌ಎಫ್ ಹೀಗೆ. ರೈಫಲ್ಲಿನದು ಯಾವುದೆಂದು ಬರೆದಿಟ್ಟುಕೊಂಡೇ ಮಾಡರೇಟರ್ ಕೊಳ್ಳಿ.

8. ಝೀರೋ ಮಾಡುವುದು

ಝೀರೋ ಅಂದರೆ ಸ್ಕೋಪಿನ ಗುರಿಯೂ ಗುಂಡು ಬೀಳುವ ಜಾಗವೂ ಒಂದಾಗುವಂತೆ ಹೊಂದಿಸುವುದು. ರೇಂಜಿನಲ್ಲಿ 100 ಮೀಟರಿಗೆ ಮಾಡಿ. ಒಂದೇ ಬಗೆಯ ತೋಟಾ ಎರಡು ಮೂರು ತಯಾರಕರದ್ದು ತಂದು, ಪ್ರತಿಯೊಂದರಲ್ಲೂ ಮೂರು ಮೂರು ಗುಂಡು ಹಾರಿಸಿ. ಕೆಲವು ನಳಿಕೆಗೆ ಕೆಲವು ಗುಂಡು ಒಗ್ಗುವುದಿಲ್ಲ, ಅದು ರೈಫಲ್ಲಿನ ದೋಷವಲ್ಲ. ಸೀಸದಿಂದ ತಾಮ್ರಕ್ಕೆ ಬದಲಾಯಿಸುವ ಮೊದಲು ನಳಿಕೆಯನ್ನು ಚೆನ್ನಾಗಿ ತೊಳೆಯಿರಿ.

ಮಲಗಿ ಹೊಡೆಯುವಾಗ ಮೂರೂ ಗುಂಡು 4 ಇಂಚಿನ ವೃತ್ತದೊಳಗೆ ಬೀಳಬೇಕು. ಅಷ್ಟಾದರೆ ಸಾಕು ಎಂದು ನಿಲ್ಲಿಸಬೇಡಿ. ಕೂತು, ಕೋಲಿಗೆ ಆನಿಸಿ, ನಿಂತು ಅಭ್ಯಾಸ ಮಾಡಿ. ಕಾಡಿನಲ್ಲಿ ಮಲಗಲು ಜಾಗ ಸಿಗುವುದು ಅಪರೂಪ. ನಿಂತಾಗ ಎಷ್ಟು ಮೀಟರಿನವರೆಗೆ ಆ 4 ಇಂಚು ಹಿಡಿಯಬಲ್ಲಿರೋ ನಿಂತು ಹೊಡೆಯುವಾಗ ಅದೇ ನಿಮ್ಮ ಮಿತಿ.

ಜಿಂಕೆಯ ಹಿಂದೆ ಮಣ್ಣಿನ ದಿಬ್ಬವೋ ಇಳಿಜಾರೋ ಕಾಣದಿದ್ದರೆ ಟ್ರಿಗರ್ ಮುಟ್ಟಬೇಡಿ. ಬೆಟ್ಟದ ನೆತ್ತಿಯ ಮೇಲೆ, ಆಕಾಶಕ್ಕೆ ಎದುರಾಗಿ ನಿಂತ ಜಿಂಕೆ ಎಷ್ಟೇ ಹತ್ತಿರವಿದ್ದರೂ ಬಿಟ್ಟುಬಿಡಿ. ತಪ್ಪಿದ ಗುಂಡು ಮೈಲಿಗಟ್ಟಲೆ ಹೋಗುತ್ತದೆ.

ರೈಫಲ್ಲಿಗೆ ಒಗ್ಗಿದ ತೋಟಾ ಸಿಕ್ಕ ಮೇಲೆ ಅದೇ ಲಾಟ್ ಸಂಖ್ಯೆಯ (ಒಟ್ಟಿಗೆ ತಯಾರಾದ) ಡಬ್ಬಿಗಳನ್ನು ಸರ್ಟಿಫಿಕೇಟಿನ ಮಿತಿಯೊಳಗೆ ಒಟ್ಟಿಗೇ ಕೊಂಡುಬಿಡಿ. ಲಾಟ್ ಬದಲಾದರೆ, ಮಾಡರೇಟರ್ ಬದಲಾದರೆ, ರೈಫಲ್ ಕೈಜಾರಿ ಬಿದ್ದರೆ ಝೀರೋ ಮತ್ತೆ ನೋಡಬೇಕು. ಆ ದಿನ ಕಾಡಿಗೆ ಹೋಗಬೇಡಿ, ಮೊದಲು ರೇಂಜಿಗೆ ಹೋಗಿ.